ಜಕ್ಕೂರಿನ ನೂರು ಅಡಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ಮುಳಬಾಗಿಲು ಹತ್ತಿರದ ನಮ್ಮ ಅಜ್ಜಿ ಮನೆಗೆ ಹೋಗಿದ್ದೆ. ರಾತ್ರಿ ಟಿವಿಯಲ್ಲಿ 'ಆಪ್ತಮಿತ್ರ' ಹಾಕಿದ್ದರು. ಎಷ್ಟನೇ ಸಲವೋ ಗೊತ್ತಿಲ್ಲ, ಆದರೂ ಮನೆಯವರೆಲ್ಲ ಕೂತು ನೋಡಿದೆವು. 'ರಾ ರಾ' ಹಾಡು ಬಂದಾಗ ಅಜ್ಜಿ ಯಾವಾಗಲೂ ಹೇಳೋ ಮಾತು ಹೇಳಿದರು. "ನಮ್ ಮುಳಬಾಗಿಲ ಹುಡುಗಿ ಕಣಪ್ಪ ಅವಳು. ಎಷ್ಟು ಚೆನ್ನಾಗಿದ್ದಳು, ಹಂಗೆ ಸುಟ್ಟುಹೋದಳು." ಪಕ್ಕದಲ್ಲಿದ್ದ ಮಾವ ತಕ್ಷಣ ಸೇರಿಸಿದರು, "ನಾಗವಲ್ಲಿ ಪಾತ್ರ ಮಾಡಿದ್ದಕ್ಕೇ ಹಂಗಾಗಿದ್ದು. ವಿಷ್ಣುವರ್ಧನ್ ಕೂಡ ಇನ್ನೊಂದು ಭಾಗ ಮಾಡಿದ ಮೇಲೇ ಹೋಗಿಬಿಟ್ಟರಲ್ಲ."

ಈ ನಾಗವಲ್ಲಿ ಶಾಪದ ಕಥೆ ನೀವೂ ಕೇಳಿರ್ತೀರಿ. ನಮ್ಮ ಹಾಸ್ಟೆಲ್‌ನಲ್ಲೂ ನಂಬೋರು ಇದ್ದಾರೆ, ಅದರಲ್ಲಿ ಒಬ್ಬ ಮೆಕ್ಯಾನಿಕಲ್ ಬ್ರಾಂಚಿನವನು! ನಾನು ಮಾವನ ಹತ್ತಿರ ವಾದ ಮಾಡಲು ಹೋಗಿ, ಅರ್ಧದಲ್ಲೇ ನಿಲ್ಲಿಸಬೇಕಾಯ್ತು. ಯಾಕಂದ್ರೆ "ಹಾಗಾದ್ರೆ ನೀನೇ ಹೇಳು, ಇಂಜಿನಿಯರಿಂಗ್ ಓದ್ತೀಯಲ್ಲ, ಆಗಷ್ಟೇ ಮೇಲೆ ಹೋದ ವಿಮಾನ ಯಾಕೆ ಬಿತ್ತು?" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಲಿಫ್ಟ್ ಅಂತ ಒಂದು ಚಾಪ್ಟರ್ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತೂ ಆಗಿತ್ತು. ಆಮೇಲೆ ಕೂತು ಓದಿದ್ದನ್ನು ಇಲ್ಲಿ ಬರೆಯುತ್ತಾ ಇದ್ದೇನೆ.

ಮೊದಲು ನಡೆದದ್ದು. ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ಕನ್ನಡದಲ್ಲಿ 1992ರಲ್ಲಿ ಶುರು ಮಾಡಿ, ತೆಲುಗಿನಲ್ಲಿ ದೊಡ್ಡ ಸ್ಟಾರ್ ಆದರು. ಕೋಲಾರ, ಮಾಲೂರು, ಶ್ರೀನಿವಾಸಪುರ ಕಡೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಮಾತಾಡೋ ನಮ್ಮಂಥವರಿಗೆ ಅವರು ಎರಡೂ ಕಡೆಯಿಂದ ನಮ್ಮವರು. ಗಿರೀಶ್ ಕಾಸರವಳ್ಳಿ ನಿರ್ದೇಶನದ 'ದ್ವೀಪ' ಚಿತ್ರವನ್ನು ಅವರೇ ನಿರ್ಮಾಣ ಮಾಡಿ, ಅದರಲ್ಲಿ ನಟಿಸಿದರು; ಅದಕ್ಕೆ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. 2004ರ ಚುನಾವಣೆ ಹೊತ್ತಿಗೆ ಬಿಜೆಪಿ ಪರ ಪ್ರಚಾರಕ್ಕೆ ಇಳಿದಿದ್ದರು.

2004ರ ಏಪ್ರಿಲ್ 17, ಶನಿವಾರ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್. ಆಗಿನ ಆಂಧ್ರದ ಕರೀಂನಗರಕ್ಕೆ ಪ್ರಚಾರಕ್ಕೆ ಹೋಗಲು ಒಂದು ಸೆಸ್ನಾ 180 ಸಿದ್ಧವಾಗಿತ್ತು. ಒಂದೇ ಇಂಜಿನ್, ನಾಲ್ಕು ಸೀಟು. ಒಳಗೆ ಸೌಂದರ್ಯ, ಅವರ ಅಣ್ಣ ಅಮರನಾಥ್, ಇನ್ನೊಬ್ಬ ಪ್ರಯಾಣಿಕರು, ಪೈಲಟ್. ಬೆಳಿಗ್ಗೆ 11 ಗಂಟೆ 5 ನಿಮಿಷದ ಸುಮಾರಿಗೆ ಪಶ್ಚಿಮ ದಿಕ್ಕಿಗೆ ಟೇಕಾಫ್ ಆಯ್ತು. ಹೆಚ್ಚು ಕಡಿಮೆ 100 ಅಡಿ ಏರಿತ್ತು, ಅಷ್ಟೇ. ಬಳ್ಳಾರಿ ರಸ್ತೆಯ ಆಚೆ ಇರುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಬಿದ್ದು ಹೊತ್ತಿಕೊಂಡಿತು. ನಾಲ್ವರೂ ಉಳಿಯಲಿಲ್ಲ. ಬೀಳೋ ಮೊದಲು ವಿಮಾನ ಓಲಾಡಿತು ಅಂತ ಅಲ್ಲಿ ಕೆಲಸದಲ್ಲಿದ್ದವರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿದೆ.

ಈ ವಿವರದಲ್ಲಿ ನನಗೆ ಮುಖ್ಯ ಅನಿಸಿದ್ದು ನಾಲ್ಕು: ಏಪ್ರಿಲ್ ತಿಂಗಳ ಹನ್ನೊಂದು ಗಂಟೆ, ನಾಲ್ಕು ಜನ, ನೂರು ಅಡಿ, ಓಲಾಟ. ಇವನ್ನು ಇಟ್ಟುಕೊಂಡು ಸಣ್ಣ ವಿಮಾನಕ್ಕೆ ಟೇಕಾಫ್ ಆದ ಮೊದಲ ಅರ್ಧ ನಿಮಿಷ ಎಷ್ಟು ಕಷ್ಟ ಅಂತ ನೋಡೋಣ. ಮೊದಲೇ ಒಂದು ಮಾತು: ಮುಂದೆ ಬರೋ ಲೆಕ್ಕ ಎಲ್ಲ ಈ ಜಾತಿಯ ವಿಮಾನಕ್ಕೆ ನಾನೇ ಹಾಕಿದ್ದು. ಆ ದಿನದ ಪೈಲಟ್ ಮೇಲೆ ತಪ್ಪು ಹೊರಿಸೋದಕ್ಕೆ ಅಲ್ಲ.

ವಿಮಾನವೇ ಡಬ್ಬಾ ಇರಬೇಕು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅಲ್ಲ. ಸೆಸ್ನಾ 180 ಅಂದರೆ 1953ರಿಂದ 1981ರವರೆಗೆ ಆರು ಸಾವಿರಕ್ಕಿಂತ ಹೆಚ್ಚು ತಯಾರಾದ ಗಟ್ಟಿ ವಿಮಾನ. ಅಲಾಸ್ಕಾದ ಕಾಡಲ್ಲಿ ಮಣ್ಣಿನ ರನ್‌ವೇ ಮೇಲೂ ಇಳಿಸ್ತಾರೆ. ಅಮೆರಿಕದ ಒಹಾಯೋದಲ್ಲಿ ಜೆರ್ರಿ ಮಾಕ್ ಅಂತ ಒಬ್ಬ ಗೃಹಿಣಿ ಇದೇ ಮಾಡೆಲ್‌ನಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಹಾಗೆ ಒಂಟಿಯಾಗಿ ಸುತ್ತಿದ ಪ್ರಪಂಚದ ಮೊದಲ ಮಹಿಳೆ ಅವರು. ವಾಪಸ್ ಬಂದು ಇಳಿದ ದಿನ ಯಾವುದು ಗೊತ್ತಾ? 1964ರ ಏಪ್ರಿಲ್ 17. ಸರಿಯಾಗಿ 40 ವರ್ಷ ಮೊದಲು, ಅದೇ ತಾರೀಖು. ಇದನ್ನು ಮಾವನಿಗೆ ಹೇಳಿದರೆ ಇನ್ನೊಂದು ಶಾಪದ ಕಥೆ ಹುಟ್ಟುತ್ತೆ ಅಂತ ನಾನು ಹೇಳಲಿಲ್ಲ.

ಈಗ ಫಾರ್ಮುಲಾಗೆ ಬರೋಣ. ಲಿಫ್ಟ್ ಅಂದರೆ ಅರ್ಧ, ಇಂಟು ಗಾಳಿಯ ಸಾಂದ್ರತೆ, ಇಂಟು ವೇಗದ ವರ್ಗ, ಇಂಟು ರೆಕ್ಕೆಯ ವಿಸ್ತೀರ್ಣ, ಇಂಟು ಲಿಫ್ಟ್ ಕೋಎಫಿಷಿಯಂಟ್. ರೆಕ್ಕೆ ಸುಮಾರು 16 ಚದರ ಮೀಟರ್, ಅದು ಬದಲಾಗಲ್ಲ. ಉಳಿದದ್ದು ಮೂರು: ಗಾಳಿ, ವೇಗ, ಮತ್ತು ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿ ನಿಂತಿದೆ ಅನ್ನೋದು.

ಗಾಳಿಯ ವಿಷಯದಲ್ಲಿ ನಮ್ಮ ಪ್ರಸ್ಥಭೂಮಿ ಸ್ವಲ್ಪ ಮೋಸ ಮಾಡುತ್ತೆ. ಬೆಂಗಳೂರು, ಕೋಲಾರ ಎಲ್ಲ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿವೆ. ಆ ಎತ್ತರದಲ್ಲಿ ಸ್ಟಾಂಡರ್ಡ್ ಲೆಕ್ಕದ ಪ್ರಕಾರ ಉಷ್ಣಾಂಶ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯದಲ್ಲಿ, ಮಾವಿನಕಾಯಿ ಬಲಿಯೋ ಬಿಸಿಲಲ್ಲಿ, 9 ಡಿಗ್ರಿ ಎಲ್ಲಿಂದ ಬರಬೇಕು? 32 ಅಂತ ಹಿಡಿಯಿರಿ. ಒಂದೊಂದು ಡಿಗ್ರಿ ಹೆಚ್ಚಾದಾಗಲೂ ವಿಮಾನ 120 ಅಡಿ ಇನ್ನೂ ಮೇಲಿದ್ದ ಹಾಗೆ ವರ್ತಿಸುತ್ತೆ ಅಂತ ಪೈಲಟ್‌ಗಳು ಅಂದಾಜು ಹಾಕ್ತಾರೆ. 23 ಡಿಗ್ರಿ ಇಂಟು 120, ಅಂದರೆ 2760 ಅಡಿ. ಮೂರು ಸಾವಿರಕ್ಕೆ ಕೂಡಿಸಿ. ರನ್‌ವೇ ಮೇಲೆ ಇನ್ನೂ ನಿಂತೇ ಇರುವಾಗಲೇ ರೆಕ್ಕೆಗೂ ಇಂಜಿನ್‌ಗೂ ತಾವು 5760 ಅಡಿ ಎತ್ತರದಲ್ಲಿ ಇದ್ದ ಹಾಗೆ ಅನಿಸುತ್ತೆ. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅಂತ ಹೆಸರು.

ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳ್ಕೊಳ್ಳುತ್ತೆ. ಅಂದರೆ 230 ಹಾರ್ಸ್‌ಪವರ್ ಇಂಜಿನ್ ಇಲ್ಲಿ 190ಕ್ಕೆ ಬಂತು. ನಂದಿಬೆಟ್ಟ ಹತ್ತುವಾಗ ಹಳೇ ಬೈಕ್ ಗುಂಯ್ ಅನ್ನೋದಷ್ಟೇ, ಮುಂದೆ ಹೋಗಲ್ಲ ಅಲ್ವಾ, ಆ ಥರ. ಇನ್ನೊಂದು ಕಡೆ ಗಾಳಿ ತೆಳುವಾದ್ದರಿಂದ ನೆಲ ಬಿಡೋದಕ್ಕೆ ಬೇಕಾದ ನಿಜವಾದ ವೇಗ 9 ಪರ್ಸೆಂಟ್ ಹೆಚ್ಚು. ಶಕ್ತಿ ಕಡಿಮೆ, ಬೇಕಾದ ವೇಗ ಜಾಸ್ತಿ. ನನ್ನ ಒರಟು ಲೆಕ್ಕದಲ್ಲಿ ಸಮುದ್ರದ ಪಕ್ಕದ ರನ್‌ವೇಗೆ ಹೋಲಿಸಿದರೆ ಇಲ್ಲಿ ಓಟ ಒಂದೂವರೆ ಪಟ್ಟು ಉದ್ದ ಆಗುತ್ತೆ. ನೆಲ ಬಿಟ್ಟ ಮೇಲೂ ಏರೋದು ನಿಧಾನ. ಇದೇ ಕಾರಣಕ್ಕೆ ಫ್ಲೈಯಿಂಗ್ ಸ್ಕೂಲಿನವರು ಬೆಳಿಗ್ಗೆ ಬೇಗ ಹಾರಿಸೋದನ್ನ ಇಷ್ಟಪಡ್ತಾರೆ.

ತೂಕ ನೋಡಿ. ಜಕ್ಕೂರಿಂದ ಕರೀಂನಗರ ನೇರ ಗೆರೆ ಎಳೆದರೆ ಸುಮಾರು 600 ಕಿಲೋಮೀಟರ್. ಗಂಟೆಗೆ ಸುಮಾರು 250 ಕಿಮೀ ಹೋಗುವ ವಿಮಾನಕ್ಕೆ ಎರಡೂವರೆ ಗಂಟೆ ದಾರಿ. ಗಂಟೆಗೆ ಸುಮಾರು 50 ಲೀಟರ್ ಪೆಟ್ರೋಲ್, ಮೇಲೆ ಒಂದು ಗಂಟೆಯದು ರಿಸರ್ವ್, ಒಟ್ಟು 180 ಲೀಟರ್, ಅಂದರೆ 130 ಕೆಜಿ. ತಲಾ 70ರಂತೆ ನಾಲ್ಕು ಜನ 280 ಕೆಜಿ. ಬ್ಯಾಗುಗಳು ಒಂದು 20. ಖಾಲಿ ವಿಮಾನ 720 ಅಂತ ಇಟ್ಟುಕೊಂಡರೆ ಒಟ್ಟು 1150. ಈ ವಿಮಾನದ ಹಳೇ ಮಾಡೆಲ್‌ಗಳಿಗೆ ಗರಿಷ್ಠ ತೂಕ 1157 ಕೆಜಿ, ನಂತರದವಕ್ಕೆ 1270. ಮಿತಿ ದಾಟಿಲ್ಲ, ಆದರೆ ನಾಲ್ಕು ಸೀಟು ಇದೆ ಅಂತ ನಾಲ್ಕೂ ಸೀಟು ತುಂಬಿ ದೂರದ ಊರಿಗೆ ಹೊರಟರೆ ಈ ಸಣ್ಣ ವಿಮಾನಗಳು ಮಿತಿಯ ಪಕ್ಕದಲ್ಲೇ ಹೋಗಿ ನಿಲ್ಲುತ್ತವೆ ಅನ್ನೋದು ಗೊತ್ತಾಗುತ್ತೆ. ಕಾರಿನಲ್ಲಿ ಐದು ಸೀಟಿಗೆ ಏಳು ಜನ ಕೂತು ಧರ್ಮಸ್ಥಳಕ್ಕೆ ಹೋಗೋ ನಮಗೆ ಇದು ಅರ್ಥ ಆಗೋದು ಕಷ್ಟ.

ಈಗ ಮುಖ್ಯವಾದ ವಿಷಯ, ಸ್ಟಾಲ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ತುಂಬಾ ದಿನ ಸ್ಟಾಲ್ ಅಂದರೆ ಕಾರು ಆಫ್ ಆದ ಹಾಗೆ ಇಂಜಿನ್ ನಿಂತುಹೋಗೋದು ಅಂತಲೇ ಅಂದುಕೊಂಡಿದ್ದೆ. ಅದಕ್ಕೂ ಇಂಜಿನ್‌ಗೂ ಸಂಬಂಧವೇ ಇಲ್ಲ. ರೆಕ್ಕೆಯನ್ನು ಗಾಳಿಗೆ ಓರೆ ಮಾಡುತ್ತಾ ಹೋದರೆ ಲಿಫ್ಟ್ ಹೆಚ್ಚುತ್ತೆ, ಆದರೆ 15-16 ಡಿಗ್ರಿ ತನಕ ಮಾತ್ರ. ಅದಾದ ಮೇಲೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯೋದು ನಿಂತು, ಕಿತ್ತುಕೊಂಡು ಸುಳಿಯಾಗುತ್ತೆ. ಲಿಫ್ಟ್ ದಿಢೀರ್ ಅಂತ ಬೀಳುತ್ತೆ. ವೇಗ ಕಡಿಮೆ ಇದ್ದಾಗ ವಿಮಾನವನ್ನು ಮೇಲೆ ಹಿಡಿದಿಡೋದಕ್ಕೆ ಮೂತಿ ಎತ್ತಲೇಬೇಕು, ಎತ್ತುತ್ತಾ ಎತ್ತುತ್ತಾ ಆ ಮಿತಿ ಬಂದುಬಿಡುತ್ತೆ. ತುಂಬಿದ ಸೆಸ್ನಾ 180ಗೆ ಆ ಮಿತಿಯ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಟೇಕಾಫ್ ಆಗಿ ಏರುವಾಗ ಮೀಟರ್‌ನಲ್ಲಿ 120, 130 ಇರುತ್ತೆ. ಅಂತರ ಅಷ್ಟೇ, ಇಪ್ಪತ್ತು ಮೂವತ್ತು ಕಿಲೋಮೀಟರ್.

ಅದೂ ವಿಮಾನ ನೇರ ಹೋಗ್ತಾ ಇದ್ದರೆ. ತಿರುಗಿಸಿದರೆ ಕಥೆ ಬೇರೆ. ತಿರುಗೋದಕ್ಕೆ ವಿಮಾನ ಒಂದು ಪಕ್ಕಕ್ಕೆ ವಾಲಬೇಕು. ವಾಲಿದಾಗ ಲಿಫ್ಟ್‌ನ ಒಂದು ಭಾಗ ಪಕ್ಕಕ್ಕೆ ಎಳೆಯೋದಕ್ಕೆ ಖರ್ಚಾಗುತ್ತೆ, ತೂಕ ಹೊರೋದಕ್ಕೆ ಉಳಿಯೋದು ಕಡಿಮೆ. ಎತ್ತರ ಕಳೀಬಾರದು ಅಂದರೆ ಒಟ್ಟು ಲಿಫ್ಟ್ ಜಾಸ್ತಿ ಬೇಕು. ಹಾಗಾಗಿ ಸ್ಟಾಲ್ ವೇಗವೂ ಏರುತ್ತೆ, ವಾಲಿದ ಕೋನದ ಕೊಸೈನ್‌ನ ವರ್ಗಮೂಲದಿಂದ ಭಾಗಿಸಿ ನೋಡಿ. 30 ಡಿಗ್ರಿ ವಾಲಿದರೆ 100 ಇದ್ದದ್ದು 107. 45 ಡಿಗ್ರಿಗೆ 119. 60 ಡಿಗ್ರಿಗೆ 141. ಅಂದರೆ 120ರಲ್ಲಿ ಏರ್ತಾ ಇರೋ ವಿಮಾನವನ್ನು 45 ಡಿಗ್ರಿ ವಾಲಿಸಿ ಮಟ್ಟವಾಗಿ ತಿರುಗಿಸಲು ಹೋದರೆ, ಪೈಲಟ್ ಬೇರೇನೂ ತಪ್ಪು ಮಾಡದೇ ಇದ್ದರೂ ಸ್ಟಾಲ್‌ನ ಅಂಚಲ್ಲಿ ನಿಂತಿರ್ತಾರೆ.

ಸ್ಟಾಲ್ ಆಗುವಾಗ ಎರಡು ರೆಕ್ಕೆಯೂ ಒಟ್ಟಿಗೆ ಆಗೋದು ಅಪರೂಪ. ಪೂರ್ತಿ ಶಕ್ತಿಯಲ್ಲಿ, ಕಡಿಮೆ ವೇಗದಲ್ಲಿ, ಮೂತಿ ಮೇಲೆತ್ತಿದ ಪ್ರೊಪೆಲ್ಲರ್ ವಿಮಾನ ತಾನಾಗಿಯೇ ಎಡಕ್ಕೆ ಎಳೆಯುತ್ತೆ. ಪೈಲಟ್ ಬಲಗಾಲಿನ ರಡ್ಡರ್ ಒತ್ತಿ ಹಿಡಿದಿರಬೇಕು. ಸ್ವಲ್ಪ ಹೆಚ್ಚುಕಡಿಮೆ ಆದರೂ ಒಂದು ರೆಕ್ಕೆ ಮೊದಲು ಕೈಬಿಟ್ಟು ಆ ಕಡೆ ಕುಸಿಯುತ್ತೆ. ಕುಸಿದ ರೆಕ್ಕೆಯನ್ನು ಎತ್ತಬೇಕು ಅಂತ ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಬೇಕು ಅನಿಸುತ್ತೆ, ಅದು ಸಹಜ. ಆದರೆ ಹಾಗೆ ಮಾಡಿದರೆ ಕುಸಿದ ರೆಕ್ಕೆ ಗಾಳಿಗೆ ಇನ್ನೂ ಓರೆಯಾಗಿ ಮತ್ತಷ್ಟು ಸ್ಟಾಲ್ ಆಗುತ್ತೆ. ಕೆಳಗಿನಿಂದ ನೋಡೋರಿಗೆ ಇದೆಲ್ಲ ಹೇಗೆ ಕಾಣುತ್ತೆ? ವಿಮಾನ ಓಲಾಡಿತು ಅಂತ ಕಾಣುತ್ತೆ. ಇಂಜಿನ್ ಶಕ್ತಿ ಕಳಕೊಂಡು ಪೈಲಟ್ ಹಿಡಿದಿಡಲು ಒದ್ದಾಡಿದರೂ ಹಾಗೇ ಕಾಣುತ್ತೆ. ಎರಡಕ್ಕೂ ಕೊನೆಯ ಮೂರು ಸೆಕೆಂಡ್ ಒಂದೇ.

ಸ್ಟಾಲ್ ಆದರೆ ಹೊರಗೆ ಬರೋದು ಹೇಗೆ ಅನ್ನೋದು ಪ್ರತಿ ಟ್ರೈನಿಗೂ ಮೊದಲ ತಿಂಗಳುಗಳಲ್ಲೇ ಹೇಳಿಕೊಡ್ತಾರೆ: ಮೂತಿ ಕೆಳಗೆ ಮಾಡು, ವೇಗ ಬರಲಿ, ಆಮೇಲೆ ಎತ್ತು. ಕೇಳೋಕೆ ಸುಲಭ. ಆದರೆ ಅಷ್ಟು ಮಾಡೋದಕ್ಕೆ ನೂರರಿಂದ ಮುನ್ನೂರು ಅಡಿ ಎತ್ತರ ಖರ್ಚಾಗುತ್ತೆ. ಅದನ್ನು ಅಭ್ಯಾಸ ಮಾಡಿಸೋದು ಮೂರು ನಾಲ್ಕು ಸಾವಿರ ಅಡಿ ಮೇಲೆ. ನೂರು ಅಡಿ ಅಂದರೆ 30 ಮೀಟರ್, ಹತ್ತು ಮಹಡಿ ಕಟ್ಟಡ. ಅಲ್ಲಿಂದ ಒಂದು ಕಲ್ಲು ಬಿಟ್ಟರೆ ಎರಡೂವರೆ ಸೆಕೆಂಡಿಗೆ ನೆಲದಲ್ಲಿರುತ್ತೆ. ಕಣ್ಣ ಮುಂದೆ ನೆಲ ಕಾಣ್ತಾ ಇರುವಾಗ ಮೂತಿಯನ್ನು ನೆಲದ ಕಡೆಗೇ ತಳ್ಳಬೇಕು. ಎಷ್ಟು ಟ್ರೈನಿಂಗ್ ಇದ್ದರೂ ಮನುಷ್ಯನ ಕೈ ಹಿಂದಕ್ಕೇ ಎಳೆಯುತ್ತೆ.

ಇಂಜಿನ್ ನಿಂತರೆ ವಾಪಸ್ ತಿರುಗಿ ಅದೇ ರನ್‌ವೇಗೆ ಬರಬಹುದಲ್ಲ ಅಂತ ನನ್ನ ರೂಮ್‌ಮೇಟ್ ಕೇಳಿದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಗಂಟೆಗೆ 120 ಕಿಮೀ ಅಂದರೆ ಸೆಕೆಂಡಿಗೆ 33 ಮೀಟರ್. 45 ಡಿಗ್ರಿ ವಾಲಿದರೆ ತಿರುವಿನ ತ್ರಿಜ್ಯ, ವೇಗದ ವರ್ಗವನ್ನು ಗುರುತ್ವದಿಂದ ಭಾಗಿಸಿ, 113 ಮೀಟರ್. ಅರ್ಧ ವೃತ್ತ 355 ಮೀಟರ್, ಹತ್ತು ಸೆಕೆಂಡ್ ಮೇಲೆ ಬೇಕು. ಇಂಜಿನ್ ಇಲ್ಲದೆ ನೇರವಾಗಿ ತೇಲಿದರೆ ಈ ವಿಮಾನ ಒಂದು ಮೀಟರ್ ಇಳಿಯುವಷ್ಟರಲ್ಲಿ ಒಂಬತ್ತು ಮೀಟರ್ ಮುಂದೆ ಹೋಗುತ್ತೆ ಅಂತ ಇಟ್ಟುಕೊಂಡರೆ, ವಾಲಿದಾಗ ಅದು ಆರು ಚಿಲ್ಲರೆ. ಹಾಗಾಗಿ ಅರ್ಧ ಸುತ್ತಿಗೇ 55 ಮೀಟರ್, ಅಂದರೆ 180 ಅಡಿ ಹೋಯ್ತು. ಅಷ್ಟಾದರೂ ರನ್‌ವೇ ಎದುರಿಗೆ ಇರಲ್ಲ, ಇನ್ನೂರು ಮೀಟರ್ ಪಕ್ಕದಲ್ಲಿರುತ್ತೆ, ಅದಕ್ಕೆ ಇನ್ನೂ ತಿರುಗಬೇಕು. ಪೈಲಟ್‌ಗೆ ವಿಷಯ ಅರ್ಥ ಆಗೋದಕ್ಕೆ ಬೇಕಾದ ಮೂರು ನಾಲ್ಕು ಸೆಕೆಂಡ್ ನಾವು ಸೇರಿಸಿಯೇ ಇಲ್ಲ. ರೂಮ್‌ಮೇಟ್ ಕ್ಯಾಲ್ಕುಲೇಟರ್ ಕೆಳಗಿಟ್ಟು ಸುಮ್ಮನಾದ. ಪ್ರಪಂಚದ ಎಲ್ಲ ಫ್ಲೈಯಿಂಗ್ ಸ್ಕೂಲುಗಳಲ್ಲೂ ಇದಕ್ಕೇ ಒಂದು ನಿಯಮ ಇದೆ: ಟೇಕಾಫ್ ಆದ ತಕ್ಷಣ ಇಂಜಿನ್ ಹೋದರೆ ತಿರುಗಬೇಡ, ಎದುರಿಗೆ ಏನಿದೆಯೋ ಅಲ್ಲೇ ಇಳಿಸು.

ಬೆಂಕಿ ಬಗ್ಗೆ ಹೆಚ್ಚು ಬರೆಯೋಕೆ ಮನಸ್ಸಿಲ್ಲ. ಟ್ಯಾಂಕ್ ಇರೋದು ರೆಕ್ಕೆಗಳ ಒಳಗೆ, ಪ್ರಯಾಣಿಕರ ತಲೆಯ ಎರಡೂ ಪಕ್ಕದಲ್ಲಿ. ದೂರದ ಪ್ರಯಾಣ ಶುರುವಾದ ಮೊದಲ ನಿಮಿಷ, ಒಂದು ಲೀಟರೂ ಖರ್ಚಾಗಿರಲ್ಲ. ಈ ಇಂಜಿನ್‌ಗಳಿಗೆ ಹಾಕೋದು ಏವಿಯೇಷನ್ ಪೆಟ್ರೋಲ್, ದೊಡ್ಡ ವಿಮಾನಗಳ ಸೀಮೆಎಣ್ಣೆಯಂಥ ಇಂಧನ ಅಲ್ಲ. ಸಣ್ಣ ಕಿಡಿ ಸಾಕು.

ಇಷ್ಟು ಓದಿದ ಮೇಲೆ ತನಿಖೆ ಅಂದರೆ ಏನು ಅನ್ನೋದೂ ಸ್ವಲ್ಪ ಗೊತ್ತಾಯ್ತು. ಬೆಂಗಳೂರಿನ ಎನ್‌ಎಎಲ್ ವಿನ್ಯಾಸ ಮಾಡಿದ 14 ಸೀಟಿನ ಸರಸ್ ವಿಮಾನದ ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಬಿತ್ತು. ವಾಯುಪಡೆಯ ಮೂವರು ಟೆಸ್ಟ್ ಅಧಿಕಾರಿಗಳು ತೀರಿಕೊಂಡರು. ಆಕಾಶದಲ್ಲಿ ಒಂದು ಇಂಜಿನ್ ಬೇಕಂತಲೇ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡೋ ಪರೀಕ್ಷೆ ಅದು. ಪೈಲಟ್ ತಪ್ಪು ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಡಿಜಿಸಿಎ ತನಿಖೆ ಹೇಳಿದ್ದು ಬೇರೆ: ಇಂಜಿನ್ ಮತ್ತೆ ಸ್ಟಾರ್ಟ್ ಮಾಡೋದಕ್ಕೆ ವಿನ್ಯಾಸ ಮಾಡಿದವರು ಕೊಟ್ಟ ವಿಧಾನವೇ ಸರಿ ಇರಲಿಲ್ಲ, ಅದನ್ನು ಸಾಲದ ಎತ್ತರದಲ್ಲಿ ಮಾಡಿದ್ದರಿಂದ ವಿಮಾನ ವೇಗವಾಗಿ ಎತ್ತರ ಕಳೆದುಕೊಂಡಿತು. ತಪ್ಪು ಕಾಕ್‌ಪಿಟ್‌ನಲ್ಲಿ ಹುಟ್ಟಿರಲಿಲ್ಲ, ಎಷ್ಟೋ ತಿಂಗಳ ಮೊದಲು ಕಾಗದದ ಮೇಲೆ ಹುಟ್ಟಿತ್ತು. ನಾಳೆ ನಮ್ಮಲ್ಲೇ ಯಾರೋ ಅಂಥ ಕಾಗದ ಬರೆಯುವವರು. ಇದನ್ನು ಓದಿ ನನಗೆ ಸ್ವಲ್ಪ ಭಯ ಆಯ್ತು, ನಿಜ ಹೇಳಬೇಕಂದ್ರೆ. ನಾವು ಲ್ಯಾಬ್ ರೆಕಾರ್ಡ್‌ನಲ್ಲಿ ರೀಡಿಂಗ್ ಹೇಗೆ ಬರೀತೀವಿ ಅಂತ ನಮಗೇ ಗೊತ್ತಲ್ಲ.

ಇನ್ನೊಂದು ವಿಷಯ, ಫಾರ್ಮುಲಾದಲ್ಲಿ ಬರದೇ ಇರೋದು. ಆ ನಾಲ್ಕು ವರ್ಷದಲ್ಲಿ ಮೂರು ಸಾವು ನೋಡಿ. 2001ರ ಸೆಪ್ಟೆಂಬರ್‌ನಲ್ಲಿ ಮಾಧವರಾವ್ ಸಿಂಧಿಯಾ, ಉತ್ತರ ಪ್ರದೇಶದ ಮೈನ್‌ಪುರಿ ಹತ್ತಿರ, ಸಣ್ಣ ವಿಮಾನ. 2002ರ ಮಾರ್ಚ್‌ನಲ್ಲಿ ಲೋಕಸಭಾ ಸ್ಪೀಕರ್ ಬಾಲಯೋಗಿ, ಹೆಲಿಕಾಪ್ಟರ್. 2004ರಲ್ಲಿ ಸೌಂದರ್ಯ. ರಾಜಕೀಯದ ಪ್ರಯಾಣದಲ್ಲಿ ಒಂದು ಕಡೆ ಸಭೆ ಕಾಯ್ತಾ ಇರುತ್ತೆ, ಮೈಕ್ ಕಟ್ಟಿರ್ತಾರೆ, ಜನ ಬಿಸಿಲಲ್ಲಿ ಕೂತಿರ್ತಾರೆ. ದೊಡ್ಡ ಏರ್‌ಲೈನ್‌ನಲ್ಲಿ ಹೊರಡಬೇಕೋ ಬೇಡವೋ ಅಂತ ನೋಡೋದಕ್ಕೆ ಹತ್ತಾರು ಜನರ ವ್ಯವಸ್ಥೆ ಇದೆ. ಸಣ್ಣ ಚಾರ್ಟರ್‌ನಲ್ಲಿ ಹೆಚ್ಚಾಗಿ ಪೈಲಟ್ ಒಬ್ಬರೇ, ಹಿಂದಿನ ಸೀಟಲ್ಲಿ ಗಣ್ಯರು. "ಸರ್, ಬಿಸಿಲು ಜಾಸ್ತಿ ಇದೆ, ಒಬ್ಬರು ಇಳೀರಿ" ಅಂತ ಹೇಳೋದು ಎಷ್ಟು ಜನಕ್ಕೆ ಸಾಧ್ಯ?

ಇದನ್ನೆಲ್ಲ ಯುಗಾದಿಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಾಳೆಯಲ್ಲಿ ಚಿತ್ರ ಬರೆದು ಮಾವನಿಗೆ ತೋರಿಸಿದೆ. ಪೂರ್ತಿ ಒಪ್ಪಲಿಲ್ಲ, "ಇರಬಹುದು, ಆದರೂ..." ಅಂದರು. ಅಜ್ಜಿ ಮಾತ್ರ ಹಾಳೆಯನ್ನು ಕೈಯಲ್ಲಿ ಹಿಡಿದು ನಾನು ಎಳೆದ ಗೆರೆಯನ್ನೇ ನೋಡ್ತಾ ಕೇಳಿದರು. "ನೇರ ಹೋಗಿ ಇಳಿಸಬೇಕು ಅಂತೀಯಲ್ಲ, ನೇರಕ್ಕೆ ಏನಿತ್ತು ಅಲ್ಲಿ?"

ಹೊಲ ಅಜ್ಜಿ, ಅಂದೆ. ಹೈವೇ ದಾಟಿದರೆ ಕೃಷಿ ವಿಶ್ವವಿದ್ಯಾಲಯ. ಸಾವಿರ ಎಕರೆಗಿಂತ ಜಾಸ್ತಿ ಹೊಲ, ತೋಟ, ಅಲ್ಲಲ್ಲಿ ಮರ.